ಮೂರು ರಾಯರ ಹಬ್ಬ: ಆಫ್ರಿಕದ ಮಕ್ಕಳಿಗೆ ನಮ್ಮ ಋಣ

(ಪ್ರಭುವಿನ ಪ್ರಕಟಣೆಯ ಹಬ್ಬದ ಪ್ರಬೋಧನೆ)



ಪೂರ್ವ ದಿಕ್ಕಿನ ಜ್ಞಾನಿಗಳು ನಕ್ಷತ್ರವನ್ನು ಕಂಡು ಹೊರಟು, ದಾರಿ ಕೇಳುತ್ತಾ ಕೇಳುತ್ತಾ ಬೆತ್ಲೆಹೇಮಿಗೆ ಬಂದು, ತಾಯಿ ಮರಿಯಳ ಮಡಿಲಲ್ಲಿದ್ದ ಮಗುವಿಗೆ ಅಡ್ಡಬಿದ್ದ ವೃತ್ತಾಂತವನ್ನು ಸಂತ ಮತ್ತಾಯರ ಶುಭಸಂದೇಶದಿಂದ ಈಗತಾನೇ ಕೇಳಿದೆವು. ಅವರು ಮೂವರೆಂದಾಗಲಿ, ರಾಯರೆಂದಾಗಲಿ ಶುಭಸಂದೇಶ ಹೇಳುವುದಿಲ್ಲ. ಚಿನ್ನ, ಧೂಪ, ರಕ್ತಬೋಳ ಎಂಬ ಮೂರು ಕಾಣಿಕೆಗಳಿಂದಾಗಿ ನಮ್ಮ ಹಿರಿಯರು ಮೂವರು ಎಂದುಕೊಂಡರು, ಈ ದಿನವನ್ನು ಮೂರು ರಾಯರ ಹಬ್ಬವೆಂದು ಕರೆದರು.

ನಮ್ಮ ದೇವಾಲಯದ ಗೋದಲಿಯಲ್ಲಿ ಆ ಮೂವರೂ ನಿಂತಿದ್ದಾರೆ. ಕಳೆದ ವಾರ ಧರ್ಮೋಪದೇಶ ತರಗತಿಯ ಒಂದು ಮಗು ನಮ್ಮನ್ನು ಕೇಳಿತು: "ಸ್ವಾಮಿ, ಒಬ್ಬ ರಾಯರು ಮಾತ್ರ ಯಾಕೆ ಕಪ್ಪಗಿದ್ದಾರೆ?" ಒಳ್ಳೆಯ ಪ್ರಶ್ನೆ. ಹಿಂದಿನ ಕಾಲದ ಜನ ಬಲ್ಲ ಖಂಡಗಳು ಮೂರೇ: ಏಷ್ಯಾ, ಯುರೋಪ್, ಆಫ್ರಿಕ. ಬಾಲಯೇಸು ಎಲ್ಲ ಜನಾಂಗಗಳಿಗೂ ಪ್ರಕಟವಾದರು ಎಂಬುದನ್ನು ತೋರಿಸಲು ಚಿತ್ರಕಾರರು ಒಬ್ಬ ರಾಯನನ್ನು ಆಫ್ರಿಕದವನಾಗಿ ಬರೆದರು. ನೂರಾರು ವರ್ಷಗಳಿಂದ ಆತ ಗೋದಲಿಗಳಲ್ಲಿ ಕಾಣಿಕೆ ಹಿಡಿದು ನಿಂತಿದ್ದಾನೆ. ಗಮನಿಸಿ, ಆತ ಬೇಡಲು ಬಂದವನಲ್ಲ, ಕೊಡಲು ಬಂದವನು.

ಇಂದು ಮಕ್ಕಳ ಮಿಷನ್ ದಿನವೂ ಹೌದು. ನಮ್ಮ ಮಕ್ಕಳು ಕಾಣಿಕೆ ಡಬ್ಬಿಗಳನ್ನು ಪೀಠದ ಮುಂದೆ ತಂದಿಟ್ಟಿದ್ದಾರೆ. ಈ ಪದ್ಧತಿಯನ್ನು 1843ರಲ್ಲಿ ಆರಂಭಿಸಿದವರು ಫ್ರಾನ್ಸಿನ ನಾನ್ಸಿ ಧರ್ಮಕ್ಷೇತ್ರದ ಬಿಷಪ್ ಶಾರ್ಲ್ ದ ಫೋರ್ಬಿನ್ ಜಾನ್ಸನ್. ದೂರದ ಚೀನಾದಲ್ಲಿ ಎಳೆಯ ಮಕ್ಕಳು ಅನಾಥರಾಗಿ ಸಾಯುತ್ತಿದ್ದ ಸುದ್ದಿ ಕೇಳಿ ಅವರ ಮನಸ್ಸು ಕರಗಿತು. ಅವರು ಸಹಾಯ ಕೇಳಿದ್ದು ತಮ್ಮ ದೇಶದ ಮಕ್ಕಳನ್ನು. ದಿನಕ್ಕೊಂದು ನಮೋ ಮರಿಯಾ ಪ್ರಾರ್ಥನೆ, ತಿಂಗಳಿಗೊಂದು ಸೂ. ಸೂ ಎಂದರೆ ಫ್ರಾನ್ಸಿನ ಚಿಲ್ಲರೆ ಕಾಸು. ಇಷ್ಟೇ ನಿಯಮ. ಪುಟ್ಟ ಪುಷ್ಪ ಸಂತ ತೆರೇಸಾ ಕೂಡ ಬಾಲ್ಯದಲ್ಲಿ ಈ ಸಂಘದ ಸದಸ್ಯೆಯಾಗಿದ್ದರು. 1950ರಲ್ಲಿ ವಿಶ್ವಗುರು ಹನ್ನೆರಡನೇ ಪಿಯುಸ್ ಅವರು ಇದಕ್ಕಾಗಿ ಒಂದು ದಿನವನ್ನು ನಿಗದಿಪಡಿಸಿ, ಇಂದಿನ ಹಬ್ಬದೊಂದಿಗೆ ಜೋಡಿಸಿದರು. ಎಲ್ಲ ದೇಶಗಳ ಮಕ್ಕಳ ಕಾಣಿಕೆ ಒಂದೇ ನಿಧಿಗೆ ಸೇರಿ, ಅಲ್ಲಿಂದ ಅಗತ್ಯವಿರುವ ದೇಶಗಳಿಗೆ ಹಂಚಿಕೆಯಾಗುತ್ತದೆ. ನಮ್ಮ ಭಾರತದ ಮಕ್ಕಳೂ ಅದರಿಂದ ನೆರವು ಪಡೆದಿದ್ದಾರೆ.

ಆದರೆ ಆತ್ಮೀಯರೇ, ಈ ಡಬ್ಬಿ ಹಂಚಿದ ದಿನ ಕೆಲವು ತಂದೆತಾಯಿಯರು ನಮ್ಮಲ್ಲಿ ಕೇಳಿದರು: "ಸ್ವಾಮಿ, ನಮ್ಮೂರಲ್ಲೇ ಬಡವರಿಲ್ಲವೇ? ಮಗ್ಗ ನಿಂತರೆ ನಮ್ಮ ಮನೆ ಒಲೆಯೂ ನಿಲ್ಲುತ್ತದೆ. ಆಫ್ರಿಕಕ್ಕೆ ಏಕೆ ಕಳಿಸಬೇಕು?" ಇದು ಜಿಪುಣತನದ ಮಾತಲ್ಲ. ದೊಡ್ಡಬಳ್ಳಾಪುರದ ಮಗ್ಗದ ಮನೆಗಳ ಕಷ್ಟ ನಮಗೆ ಗೊತ್ತು. ಉತ್ತರ ಹೇಳಲು ನಾವು ದೂರ ಹೋಗಬೇಕಿಲ್ಲ, ಸಿಲುವೆಪುರದವರೆಗೆ ಹೋದರೆ ಸಾಕು.

1876ರಿಂದ 78ರವರೆಗೆ ಮೈಸೂರು ಸೀಮೆಯಲ್ಲಿ ಬಿದ್ದ ಬರವನ್ನು ನಮ್ಮ ಅಜ್ಜ ಅಜ್ಜಿಯರು ಧಾತು, ಈಶ್ವರ ಸಂವತ್ಸರಗಳ ಬರವೆಂದು ನೆನೆಯುತ್ತಿದ್ದರು. ಐವತ್ತು ಲಕ್ಷ ಜನರಿದ್ದ ಸಂಸ್ಥಾನದಲ್ಲಿ ಸುಮಾರು ಹತ್ತು ಲಕ್ಷ ಜನ ಹಸಿವಿನಿಂದ, ರೋಗದಿಂದ ತೀರಿಕೊಂಡರು. ತಂದೆತಾಯಿ ಸತ್ತು ದಾರಿಯಲ್ಲಿ ಉಳಿದ ಮಕ್ಕಳಿಗೆ ಲೆಕ್ಕವಿರಲಿಲ್ಲ. ಆಗ ಇಲ್ಲಿ ಸೇವೆಯಲ್ಲಿದ್ದ ಪ್ಯಾರಿಸ್ ಮಿಷನ್ನಿನ ಫ್ರೆಂಚ್ ಗುರುಗಳು ಆ ಮಕ್ಕಳನ್ನು ಎತ್ತಿಕೊಂಡು ಬಂದು ಸಾಕಿದರು. ಗಂಜಿ ಕೊಟ್ಟು ಸುಮ್ಮನಾಗಲಿಲ್ಲ. ಮಕ್ಕಳು ಬೆಳೆದ ಮೇಲೆ ಅವರಿಗೆ ಮದುವೆ ಮಾಡಿಸಿ, ಬೇಸಾಯಕ್ಕೆ ನೆಲ ಒದಗಿಸಿ, ಊರುಗಳನ್ನೇ ಕಟ್ಟಿದರು. ಅಂದು ನೆಲಮಂಗಲ ತಾಲ್ಲೂಕಿಗೆ ಸೇರಿದ್ದ, ಹೆಸರಘಟ್ಟದ ಕಡೆಯ ಸಿಲುವೆಪುರ ಅಂಥ ಒಂದು ಊರು. ಹೆಸರೇ ಹೇಳುವಂತೆ ಶಿಲುಬೆಯ ಊರು. ಆ ಗುರುಗಳ ಕೈಗೆ ಹಣ ಬರುತ್ತಿದ್ದದ್ದು ಎಲ್ಲಿಂದ? ಬಹುಪಾಲು ಯುರೋಪಿನ ಸಾಮಾನ್ಯ ವಿಶ್ವಾಸಿಗಳ ಕಾಣಿಕೆಯಿಂದ. ಅವರಲ್ಲಿ ಹೆಚ್ಚಿನವರು ರೈತರು, ಕೂಲಿಗಳು, ಮನೆಗೆಲಸದವರು. "ನಮ್ಮೂರಲ್ಲೇ ಬಡವರಿಲ್ಲವೇ?" ಎಂದು ಅವರೂ ಕೇಳಬಹುದಿತ್ತು. ಕೇಳಿ ಕೈ ಮುಚ್ಚಿಕೊಂಡಿದ್ದರೆ ನಮ್ಮಲ್ಲಿ ಎಷ್ಟೋ ಮನೆತನಗಳು ಇಂದು ಇರುತ್ತಿರಲಿಲ್ಲ.

ಈಗ ಆಫ್ರಿಕದ ಒಂದು ಊರನ್ನು ನೋಡೋಣ. ಕೆನ್ಯಾ ದೇಶದ ನೈರೋಬಿಯಲ್ಲಿ 1992ರಲ್ಲಿ, ವೈದ್ಯರೂ ಆಗಿದ್ದ ಯೇಸುಸಭೆಯ ಗುರು ಆಂಜೆಲೊ ಡಿ'ಅಗೊಸ್ಟಿನೊ ಮತ್ತು ಲೊರೆಟೊ ಸಭೆಯ ಭಗಿನಿ ಮೇರಿ ಓವೆನ್ಸ್ ಸೇರಿ ನ್ಯುಂಬಾನಿ ಎಂಬ ಆಶ್ರಯಧಾಮವನ್ನು ತೆರೆದರು. ಸ್ವಾಹಿಲಿ ಭಾಷೆಯಲ್ಲಿ ನ್ಯುಂಬಾನಿ ಎಂದರೆ ಮನೆ ಎಂದೇ ಅರ್ಥ. ಏಡ್ಸ್ ಕಾಯಿಲೆಯಿಂದ ತಂದೆತಾಯಿಯರನ್ನು ಕಳೆದುಕೊಂಡು, ತಾವೂ ಆ ಸೋಂಕು ಹೊತ್ತು ಹುಟ್ಟಿದ ಕಂದಮ್ಮಗಳನ್ನು ಯಾರೂ ಮುಟ್ಟಲು ಹೆದರುತ್ತಿದ್ದ ಕಾಲವದು. ಮೊದಲ ವರ್ಷಗಳಲ್ಲಿ ಔಷಧದ ಬೆಲೆ ಬಡವರ ಕೈಗೆ ಎಟುಕುತ್ತಿರಲಿಲ್ಲ. ಪ್ರೀತಿಯಿಂದ ಸಾಕಿದ ಮಕ್ಕಳನ್ನೇ ಮಣ್ಣು ಮಾಡಬೇಕಾಗುತ್ತಿತ್ತು. 2001ರ ನಂತರ ನಮ್ಮ ಭಾರತದ ಕಂಪನಿಗಳು ಅಗ್ಗದ ಬೆಲೆಗೆ ತಯಾರಿಸಿದ ಔಷಧಗಳು ಆಫ್ರಿಕ ತಲುಪತೊಡಗಿದವು. ಔಷಧ ಸಿಕ್ಕ ಮಕ್ಕಳು ಬದುಕಿ ಬೆಳೆಯತೊಡಗಿದರು.

ಅದೇ ಸೇವೆಯಿಂದ ಕಿಟುಯಿ ಎಂಬ ಒಣ ಸೀಮೆಯಲ್ಲಿ ಒಂದು ಹಳ್ಳಿಯೂ ಎದ್ದಿತು. ಏಡ್ಸ್ ನಡುವಿನ ತಲೆಮಾರನ್ನೇ ಕೊಂಡೊಯ್ದಿತ್ತು. ಉಳಿದವರು ಮಕ್ಕಳನ್ನು ಕಳೆದುಕೊಂಡ ಅಜ್ಜಿಯರು, ತಾಯಂದಿರನ್ನು ಕಳೆದುಕೊಂಡ ಮಕ್ಕಳು. ಇಬ್ಬರನ್ನೂ ಒಂದೇ ಸೂರಿನ ಕೆಳಗೆ ತಂದರು. ಒಂದೊಂದು ಮನೆಗೆ ಒಬ್ಬ ಅಜ್ಜಿ ಅಥವಾ ತಾತ, ಅವರ ಸುತ್ತ ಹತ್ತರಷ್ಟು ಮಕ್ಕಳು. ಹೊಲ, ಶಾಲೆ, ಆಸ್ಪತ್ರೆ ಎಲ್ಲವೂ ಊರಿನೊಳಗೇ. ನೆರವು ಹೊರಗಿನಿಂದ ಬಂದರೂ ಮಕ್ಕಳನ್ನು ಸಾಕುವವರು ಕೆನ್ಯಾದ ಅಜ್ಜಿಯರೇ. ಆತ್ಮೀಯರೇ, ಇದನ್ನು ಕೇಳಿದಾಗ ನಮಗೆ ಸಿಲುವೆಪುರ ನೆನಪಾಗುವುದಿಲ್ಲವೇ?

ಮಕ್ಕಳನ್ನು ಉಳಿಸಲು ಯಾವಾಗಲೂ ದೊಡ್ಡ ಮೊತ್ತ ಬೇಕಿಲ್ಲ. ಹಸಿವಿನಿಂದ ಸೊರಗಿದ ಮಗುವಿಗೆ ಆಫ್ರಿಕದ ಆರೋಗ್ಯ ಕೇಂದ್ರಗಳಲ್ಲಿ ಕೊಡುವುದು ಒಂದು ಪುಟ್ಟ ಪೊಟ್ಟಣ. ಅದರಲ್ಲಿ ಇರುವುದು ಅರೆದ ಕಡಲೆಕಾಯಿ, ಹಾಲಿನ ಪುಡಿ, ಸಕ್ಕರೆ, ಎಣ್ಣೆ, ಜೀವಸತ್ವಗಳು. ಬೇಯಿಸಬೇಕಿಲ್ಲ, ನೀರು ಬೆರೆಸಬೇಕಿಲ್ಲ, ತಾಯಿ ಮನೆಯಲ್ಲೇ ತಿನ್ನಿಸಬಹುದು. 2023ರಲ್ಲಿ ಮಲೇರಿಯಾದಿಂದ ಲೋಕದಲ್ಲಿ ಸುಮಾರು 6 ಲಕ್ಷ ಜನ ಸತ್ತರು. ಅವರಲ್ಲಿ ನೂರಕ್ಕೆ 95 ಮಂದಿ ಆಫ್ರಿಕದವರು, ಬಹುಪಾಲು ಐದು ವರ್ಷ ತುಂಬದ ಮಕ್ಕಳು. ಅಂಥ ಮಗುವಿನ ಜೀವ ಕಾಯುವುದು ಹಾಸಿಗೆಯ ಮೇಲಿನ ಒಂದು ಸೊಳ್ಳೆಪರದೆ. ಮಕ್ಕಳೇ, ನೀವು ಡಬ್ಬಿಗೆ ಹಾಕಿದ ಐದು ರೂಪಾಯಿ, ಹತ್ತು ರೂಪಾಯಿ ಚಿಕ್ಕದೆಂದು ಯಾರೂ ಹೇಳದಿರಲಿ.

ಹಾಗಾದರೆ ನಾವು ಕೊಡುವವರು, ಆಫ್ರಿಕದವರು ಪಡೆಯುವವರು, ಅಷ್ಟೇ ತಾನೇ? ಅಲ್ಲ. ಶುಭಸಂದೇಶವನ್ನು ಇನ್ನೂ ನಾಲ್ಕು ಸಾಲು ಮುಂದೆ ಓದಿ. ಜ್ಞಾನಿಗಳು ಹೊರಟುಹೋದ ಮೇಲೆ ಹೆರೋದನ ಕತ್ತಿ ಮಗುವನ್ನು ಹುಡುಕಿತು. ಸಂತ ಜೋಸೆಫರು ಮಗುವನ್ನೂ ತಾಯಿಯನ್ನೂ ಕರೆದುಕೊಂಡು ರಾತ್ರೋರಾತ್ರಿ ಓಡಿದ್ದು ಈಜಿಪ್ಟಿಗೆ. ಈಜಿಪ್ಟ್ ಇರುವುದು ಆಫ್ರಿಕದಲ್ಲಿ. ಸ್ವಂತ ನಾಡು ಕೊಲ್ಲಲು ಹೊರಟಾಗ ನಮ್ಮ ಪ್ರಭುವಿಗೆ ಆಶ್ರಯ ಕೊಟ್ಟದ್ದು ಆಫ್ರಿಕದ ಮಣ್ಣು. ಯಾವುದೋ ಬೀದಿಯಲ್ಲಿ ಯಾವಳೋ ತಾಯಿ ಈ ಪರದೇಶಿ ಕುಟುಂಬಕ್ಕೆ ನೀರು ಕೊಟ್ಟಿರಬೇಕು. ಮೂವತ್ತು ವರ್ಷಗಳ ನಂತರ ಶಿಲುಬೆಗೆ ಹೆಗಲು ಕೊಟ್ಟ ಸಿಮೋನನೂ ಆಫ್ರಿಕದ ಸಿರೇನ್ ಪಟ್ಟಣದವನೇ.

ಇನ್ನೊಂದು ಋಣವನ್ನು ನಾವು ದಿನಾ ಉಣ್ಣುತ್ತೇವೆ. ಹೊಸಕೋಟೆ, ದೇವನಹಳ್ಳಿಯ ಹೊಲಗಳಲ್ಲಿ ಬೆಳೆದು ನಮ್ಮ ತಟ್ಟೆಯಲ್ಲಿ ಮುದ್ದೆಯಾಗುವ ರಾಗಿಯ ತವರು ಪೂರ್ವ ಆಫ್ರಿಕದ ಎತ್ತರದ ನಾಡು. ಅಲ್ಲಿಂದ ಸಾವಿರಾರು ವರ್ಷಗಳ ಹಿಂದೆ ಅದು ನಮ್ಮ ದೇಶಕ್ಕೆ ಬಂತು ಎನ್ನುತ್ತಾರೆ ಕೃಷಿ ವಿಜ್ಞಾನಿಗಳು. ಇಂದಿಗೂ ಕೆನ್ಯಾ, ಉಗಾಂಡದ ತಾಯಂದಿರು ಮಕ್ಕಳಿಗೆ ರಾಗಿ ಗಂಜಿ ಕುಡಿಸುತ್ತಾರೆ. ನಮ್ಮ ಕೂಸುಗಳಿಗೆ ಮೊದಲು ಕೊಡುವುದೂ ರಾಗಿ ಸರಿಯನ್ನೇ ಅಲ್ಲವೇ?

ಆಫ್ರಿಕದ ಮಕ್ಕಳು ನಮ್ಮ ರಾಜ್ಯದಲ್ಲೂ ಇದ್ದಾರೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಾಡಂಚಿನ ಸಿದ್ದಿಗಳ ಪೂರ್ವಜರನ್ನು ಗುಲಾಮರನ್ನಾಗಿ ಹಡಗಿನಲ್ಲಿ ತಂದರು. ತಂದವರಲ್ಲಿ ಅರಬರಿದ್ದರು, ಕ್ರೈಸ್ತರೆನಿಸಿಕೊಂಡ ಪೋರ್ಚುಗೀಸರೂ ಇದ್ದರು. ಅದನ್ನು ನಾವು ಮುಚ್ಚಿಡಬಾರದು. ಸಿದ್ದಿಗಳಲ್ಲಿ ಹಿಂದೂಗಳು, ಮುಸ್ಲಿಮರು, ನಮ್ಮಂತೆ ಕಥೋಲಿಕರೂ ಇದ್ದಾರೆ. ಮುಂಡಗೋಡದಲ್ಲಿ ಯೇಸುಸಭೆಯ ಲೊಯೋಲ ವಿಕಾಸ ಕೇಂದ್ರ ಈ ಮಕ್ಕಳ ಓದಿಗಾಗಿ, ಅವರ ಹಿರಿಯರ ಹಕ್ಕಿಗಾಗಿ ದುಡಿದಿದೆ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಆದರೂ ಕನ್ನಡವನ್ನೇ ಆಡುವ ಸಿದ್ದಿ ಮಗುವನ್ನು ಬಸ್ಸಿನಲ್ಲಿ "ನೀನು ಯಾವ ದೇಶದವನು?" ಎಂದು ಕೇಳುವವರು ಇನ್ನೂ ಇದ್ದಾರೆ.

ಪ್ರಿಯರೇ, ಈಗ ಹೇಳುವ ಮಾತು ಕಷ್ಟದ್ದು. ಆದರೂ ಹೇಳಲೇಬೇಕು. 2016ರ ಜನವರಿ 31ರ ರಾತ್ರಿ ಹೆಸರಘಟ್ಟ ರಸ್ತೆಯಲ್ಲಿ ಸುಡಾನಿನ ಯುವಕನೊಬ್ಬನ ಕಾರು ಹರಿದು ಸ್ಥಳೀಯ ಮಹಿಳೆಯೊಬ್ಬರು ಸತ್ತರು. ಆ ಮನೆಯವರ ದುಃಖ ದೊಡ್ಡದು. ಆದರೆ ಸಿಟ್ಟಿಗೆದ್ದ ಗುಂಪು ಆ ಅಪಘಾತಕ್ಕೆ ಯಾವ ಸಂಬಂಧವೂ ಇಲ್ಲದ, ಸ್ವಲ್ಪ ಹೊತ್ತಿನ ನಂತರ ಅಲ್ಲಿಗೆ ಬಂದ ತಾಂಜಾನಿಯದ ವಿದ್ಯಾರ್ಥಿನಿಯನ್ನು ಹೊಡೆಯಿತು, ಕಾರಿಗೆ ಬೆಂಕಿ ಇಟ್ಟಿತು. ಅವಳ ತಪ್ಪು ಮೈಬಣ್ಣ ಮಾತ್ರ. ಇದು ನಡೆದದ್ದು ಸಿಲುವೆಪುರದ ಆಸುಪಾಸಿನಲ್ಲಿ, ಅನಾಥ ಮಕ್ಕಳಿಗಾಗಿ ಪರದೇಶಿಗಳು ಊರು ಕಟ್ಟಿದ ಸೀಮೆಯಲ್ಲಿ.

"ಹೊಡೆದವರು ನಾವಲ್ಲ" ಎಂದು ಹೇಳಬಹುದು. ನಿಜ. ಆದರೆ ಕೆಲವು ವರ್ಷಗಳ ಹಿಂದೆ ನಮ್ಮ ದೇವಾಲಯದ ಭಾನುವಾರದ ಬಲಿಪೂಜೆಗೆ ಇಬ್ಬರು ಆಫ್ರಿಕನ್ ವಿದ್ಯಾರ್ಥಿಗಳು ಬಂದಿದ್ದರು, ನೆನಪಿದೆಯೇ? ದೇವಾಲಯ ತುಂಬಿತ್ತು, ಜನ ಹೊರಗೆ ನಿಂತಿದ್ದರು. ಆ ಇಬ್ಬರು ಕುಳಿತ ಬೆಂಚಿನಲ್ಲಿ ಉಳಿದ ಜಾಗ ಕೊನೆಯವರೆಗೂ ಖಾಲಿಯಾಗಿತ್ತು. ಪೀಠದಿಂದ ಅದು ನಮಗೆ ಕಾಣುತ್ತಿತ್ತು. ನಿಮ್ಮನ್ನು ಮಾತ್ರ ದೂರುತ್ತಿಲ್ಲ. ಪೂಜೆ ಮುಗಿದ ಮೇಲೆ ನಾವೂ ಅವರ ಬಳಿ ಹೋಗಿ ಹೆಸರು ಕೇಳಲಿಲ್ಲ. ಯಾವುದೋ ಮನೆ ಮಂತ್ರಿಸುವ ಅವಸರದಲ್ಲಿದ್ದೆವು. ಅವರು ಮತ್ತೆ ಬರಲಿಲ್ಲ. ಅದೇ ದಿನ ಬಾಗಿಲ ಬಳಿಯ ಮೇಜಿನ ಮೇಲೆ ಆಫ್ರಿಕದ ಮಗುವಿನ ಚಿತ್ರವಿದ್ದ ಕಾಣಿಕೆ ಡಬ್ಬಿ ಇತ್ತು. ಅದು ತುಂಬಿತ್ತು.

ಡಬ್ಬಿ ತುಂಬಿ ಬೆಂಚು ಖಾಲಿ ಉಳಿದರೆ ನಾವು ಕೊಟ್ಟದ್ದು ಭಿಕ್ಷೆಯಾಯಿತು, ಪ್ರೀತಿಯಾಗಲಿಲ್ಲ. ನಮ್ಮ ಕಾಸಿನಿಂದ ಬದುಕಿದ ಮಗು ಬೆಳೆದು, ಓದಲು ಬಯಸಿ, ಬೆಂಗಳೂರಿಗೆ ಬರಬಹುದು. ವಿಮಾನ ಇಳಿದಾಗ ಅದರ ಮೊದಲ ಹೆಜ್ಜೆ ಬೀಳುವುದು ನಮ್ಮ ದೇವನಹಳ್ಳಿಯ ನೆಲದ ಮೇಲೆಯೇ. ಆಗ ನಾವು ಅದಕ್ಕೆ ಈಜಿಪ್ಟ್ ಆಗುತ್ತೇವೆಯೋ, ಹೆರೋದನ ಊರಾಗುತ್ತೇವೆಯೋ? ಕೊನೆಯ ತೀರ್ಪಿನ ದಿನ ಪ್ರಭು ಕೇಳುವ ಪ್ರಶ್ನೆಗಳಲ್ಲಿ ಹಸಿದವನಿಗೆ ಉಣಿಸಿದೆಯಾ ಎಂಬುದರ ಜೊತೆಗೆ, ಪರದೇಶಿಯನ್ನು ಬರಮಾಡಿಕೊಂಡೆಯಾ ಎಂಬುದೂ ಇದೆ.

ಆದ್ದರಿಂದ ಈ ಹಬ್ಬದಂದು ನಾವೂ ಮೂರು ಕಾಣಿಕೆ ಸಲ್ಲಿಸೋಣ. ಮೊದಲನೆಯದು ಚಿನ್ನ: ನಮ್ಮ ದುಡಿಮೆಯ ಒಂದು ಪಾಲು. ಮಕ್ಕಳು ತಮ್ಮ ತಿಂಡಿಯ ಕಾಸಿನಲ್ಲಿ ಉಳಿಸಲಿ, ಹಿರಿಯರು ಮದುವೆ, ನಾಮಕರಣದ ಆಡಂಬರದಲ್ಲಿ ಉಳಿಸಲಿ. ಎರಡನೆಯದು ಧೂಪ: ಪ್ರಾರ್ಥನೆ. ಸಂಜೆಯ ಜಪಸರದಲ್ಲಿ ಒಂದು ನಮೋ ಮರಿಯಾ ಆಫ್ರಿಕದ ಒಂದು ಮಗುವಿಗಾಗಿ ಇರಲಿ. ಮೂರನೆಯದು ರಕ್ತಬೋಳ, ಕಹಿಯಾದದ್ದು. ನಮ್ಮ ಅಹಂಕಾರವನ್ನು ಬಿಡುವುದೇ ಆ ಕಾಣಿಕೆ. ಮನೆಯಲ್ಲಿ ಕಪ್ಪು ಬಣ್ಣವನ್ನು ಆಡಿಕೊಂಡು ನಗುವ ಮಾತು ನಿಲ್ಲಲಿ. ಮಕ್ಕಳು ಅದನ್ನು ಕಲಿಯುವುದು ನಮ್ಮಿಂದಲೇ. ಪರದೇಶದ ಮಗ, ಮಗಳು ನಮ್ಮ ದೇವಾಲಯಕ್ಕೆ ಬಂದರೆ ಪಕ್ಕದಲ್ಲಿ ಕುಳಿತುಕೊಳ್ಳಿ, ಹೆಸರು ಕೇಳಿ, ಮನೆಗೆ ಊಟಕ್ಕೆ ಕರೆಯಿರಿ. ರಾಗಿ ಮುದ್ದೆ ಬಡಿಸಿದರೆ ನಾಚಿಕೆಪಡಬೇಡಿ, ಅದು ಅವರ ನಾಡಿನಿಂದಲೇ ಬಂದದ್ದು.

ಜ್ಞಾನಿಗಳು ಬಂದ ದಾರಿಯಲ್ಲಿ ಹಿಂದಿರುಗಲಿಲ್ಲ, ಬೇರೆ ದಾರಿ ಹಿಡಿದರು. ನಾವೂ ಇಂದು ಬೇರೆ ದಾರಿ ಹಿಡಿದು ಮನೆಗೆ ಹೋಗೋಣ. ಈಜಿಪ್ಟಿನಲ್ಲಿ ಆಶ್ರಯ ಪಡೆದ ಬಾಲಯೇಸು ಆಫ್ರಿಕದ ಮಕ್ಕಳನ್ನೂ ನಮ್ಮ ಮಕ್ಕಳನ್ನೂ ಕಾಪಾಡಲಿ. ಮಾತೆ ಮರಿಯಮ್ಮನವರೂ ಸಂತ ಜೋಸೆಫರೂ ನಮಗಾಗಿ ಬಿನ್ನವಿಸಲಿ. ಪಿತನ, ಸುತನ ಹಾಗೂ ಪವಿತ್ರಾತ್ಮರ ನಾಮದಲ್ಲಿ. ಆಮೆನ್.