ನೆರೆಮನೆಯ ಬೀಗ



ಮನೆಗಳ್ಳತನವನ್ನು ತಡೆಯುವುದರಲ್ಲಿ ನೆರೆಹೊರೆಯವರ ಪಾತ್ರವೇನು ಎಂಬುದನ್ನು ಕುರಿತು ನಾಲ್ಕು ಮಾತನಾಡಬೇಕೆಂದು ನನಗೆ ಹೇಳಿಕೆಯಾಗಿದೆ. ಈ ವಿಷಯವನ್ನು ಪೊಲೀಸ್ ಅಧಿಕಾರಿಯೊಬ್ಬರು ನನಗಿಂತ ಚೆನ್ನಾಗಿ ವಿವರಿಸಿಯಾರು. ಕನ್ನಡ ಪಾಠ ಹೇಳಿ ನಿವೃತ್ತನಾದ ನನಗೆ ಇದರಲ್ಲಿ ಇರುವ ಅರ್ಹತೆ ಒಂದೇ: ನನ್ನ ನೆರೆಮನೆಗೆ ಕಳ್ಳರು ನುಗ್ಗಿದ ರಾತ್ರಿ ನಾನು ಎಚ್ಚರವಾಗಿದ್ದೆ.

ಅದು ೨೦೨೨ನೆಯ ಇಸವಿಯ ಮೇ ತಿಂಗಳು, ಮದುವೆಗಳ ಕಾಲ. ಮೈಸೂರಿನ ನಮ್ಮ ಬಡಾವಣೆಯಲ್ಲಿ ನಡುರಾತ್ರಿ ಕಳೆದ ಮೇಲೆ ನಾಯಿಗಳ ಹೊರತು ಮಾತನಾಡುವವರಿಲ್ಲ. ಎರಡು ಗಂಟೆಯ ಸುಮಾರಿಗೆ ಗೋಡೆಯಾಚೆ ಕಬ್ಬಿಣವು ಮರಕ್ಕೆ ತಾಗಿದಂತೆ ಎರಡು ಸದ್ದಾಯಿತು. ಸ್ವಲ್ಪ ತಡೆದು ಮೂರನೆಯದು. ಮನೆಯವರು ಎಲ್ಲಿಗೋ ಹೋಗಿದ್ದವರು ಹಿಂತಿರುಗಿ, ಬಿಗಿದುಕೊಂಡ ಬಾಗಿಲನ್ನು ತಳ್ಳುತ್ತಿರಬಹುದೆಂದು ಊಹಿಸಿದೆ. ಅವರು ಊರಿನಲ್ಲಿದ್ದಾರೆಯೋ ಇಲ್ಲವೋ ನನಗೆ ತಿಳಿದಿರಲಿಲ್ಲ. ಹನ್ನೊಂದು ವರ್ಷ ಗೋಡೆಗೆ ಗೋಡೆ ಹೊಂದಿಸಿಕೊಂಡು ಬಾಳಿದ್ದೆವು, ಅಷ್ಟೆ. ಎದ್ದು ದೀಪ ಹಾಕೋಣವೆಂಬ ಯೋಚನೆಯೇನೋ ಬಂತು. ಅನ್ಯರ ಮನೆಯ ವಿಚಾರ ನಮಗೇಕೆ ಎಂಬ ಸಭ್ಯತೆ ಅದನ್ನು ತಡೆಯಿತು. ಸಭ್ಯತೆ ಎಂದೆ, ಅಂಜಿಕೆ ಎಂದರೂ ಸಲ್ಲುತ್ತದೆ. ನಾನು ಮಗ್ಗುಲು ಬದಲಿಸಿದೆ.

ಬೆಳಗ್ಗೆ ಹಾಲಿನವನು ಬಾಗಿಲು ಓರೆಯಾಗಿರುವುದನ್ನು ಕಂಡು ಕೂಗಿದ. ಮನೆಯವರು ಮದುವೆಗೆಂದು ಹಾಸನಕ್ಕೆ ಹೋಗಿ ಮೂರು ದಿನವಾಗಿತ್ತು. ಬೆಳ್ಳಿಯ ದೀಪಗಳು ಹೋದವು, ಆ ಮನೆಯಾಕೆಯ ತಾಯಿ ಬಿಟ್ಟುಹೋದ ಅವಲಕ್ಕಿ ಸರವೂ ಹೋಯಿತು. ಸಂಜೆ ಆಕೆ ನಮ್ಮ ಗೇಟಿನ ಬಳಿ ನಿಂತು, "ಮೇಷ್ಟ್ರೇ, ರಾತ್ರಿ ನಿಮಗೇನೂ ಕೇಳಿಸಲಿಲ್ಲವೆ?" ಎಂದು ಕೇಳಿದರು. "ಇಲ್ಲಮ್ಮ" ಎಂದೆ. ನಲವತ್ತು ವರ್ಷ ತರಗತಿಗಳಲ್ಲಿ ಮಾತನಾಡಿದವನ ಬಾಯಿಂದ ಅಷ್ಟು ಚಿಕ್ಕ ಸುಳ್ಳು ಅಷ್ಟು ಸಲೀಸಾಗಿ ಹೊರಟಿತು.

ಕಳ್ಳನಿಗೆ ತಿಳಿದದ್ದು ನನಗೆ ಏಕೆ ತಿಳಿಯಲಿಲ್ಲವೆಂದು ಆಮೇಲೆ ಯೋಚಿಸಿದೆ. ಗೇಟಿನೊಳಗೆ ಮೂರು ದಿನದ ಪತ್ರಿಕೆಗಳು ಬಿದ್ದಿದ್ದವು. ಮುಂಬಾಗಿಲ ದೀಪ ಹಗಲಿನಲ್ಲಿಯೂ ಉರಿಯುತ್ತಿತ್ತು. ಅಂಗಳದಲ್ಲಿ ರಂಗೋಲಿ ಇರಲಿಲ್ಲ. ಬಾಗಿಲಿನ ಹೊರಗೆ ಅಂಗೈಯಗಲದ ಹಿತ್ತಾಳೆಯ ಬೀಗವೊಂದು ಎಲ್ಲರಿಗೂ ಕಾಣುವಂತೆ ತೂಗುತ್ತಿತ್ತು. ಇಷ್ಟನ್ನೂ ಓದಿಕೊಂಡವನು ಕಳ್ಳ. ಓದದೆ ಹೋದವನು ಕನ್ನಡ ಪ್ರಾಧ್ಯಾಪಕ.

ಓದಿದ್ದೆಲ್ಲ ಆಗ ಬೇರೆ ರೀತಿಯಲ್ಲಿ ನೆನಪಿಗೆ ಬಂತು. ವಡ್ಡಾರಾಧನೆಯಲ್ಲಿ ವಿದ್ಯುಚ್ಚೋರನ ಕಥೆಯಿದೆ. ಅದರಲ್ಲಿ ಕಳ್ಳನೂ ಊರು ಕಾಯುವ ತಳಾರನಾದ ಯಮದಂಡನೂ ಬಾಲ್ಯದ ಗೆಳೆಯರು. ಒಬ್ಬ ಕಳುವ ವಿದ್ಯೆಯನ್ನು ಕಲಿತ. ಇನ್ನೊಬ್ಬ ಕಾಯುವ ವಿದ್ಯೆಯನ್ನು ಕಲಿತ. ಅರಸನ ಹಾರ ಕಳುವಾದಾಗ ಕೋಪವೆಲ್ಲ ತಳಾರನೊಬ್ಬನ ಮೇಲೆಯೇ. ಊರ ಜನ ಆ ರಾತ್ರಿ ಏನು ಮಾಡುತ್ತಿದ್ದರೆಂದು ಯಾರೂ ಕೇಳುವುದಿಲ್ಲ. ನಾವು ಇಂದಿಗೂ ಆ ಕಥೆಯೊಳಗೇ ಇದ್ದೇವೆ, ಕಳವಾದೊಡನೆ "ಪೊಲೀಸರು ಏನು ಮಾಡುತ್ತಿದ್ದರು?" ಎಂದು ಕೇಳಿ ನಿಶ್ಚಿಂತರಾಗುತ್ತೇವೆ.

ಆದರೆ ನಮ್ಮ ಹಿಂದಿನವರು ಬೇರೊಂದು ರೀತಿಯಲ್ಲಿಯೂ ಯೋಚಿಸಿದ್ದರು. ಯಾಜ್ಞವಲ್ಕ್ಯ ಸ್ಮೃತಿಯ ವಿಧಿಯೊಂದುಂಟು: ಒಂದು ಊರಿನ ಎಲ್ಲೆಯೊಳಗೆ ಕಳವಾಗಿ, ಕಳ್ಳನ ಹೆಜ್ಜೆ ಎಲ್ಲೆಯನ್ನು ದಾಟಿ ಹೋದ ಗುರುತು ಸಿಗದಿದ್ದರೆ ಆ ನಷ್ಟವನ್ನು ಊರೇ ತುಂಬಿಕೊಡಬೇಕು, ಹೆಜ್ಜೆ ಮತ್ತೊಂದು ಊರನ್ನು ಹೊಕ್ಕಿದ್ದರೆ ಆ ಊರು ಕೊಡಬೇಕು. ಈ ಸ್ಮೃತಿಗೆ ಮಿತಾಕ್ಷರವೆಂಬ ಪ್ರಸಿದ್ಧ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ನಮ್ಮ ಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ ಇದ್ದವನು. ನಮ್ಮ ಹಳ್ಳಿಗಳಲ್ಲಿ ಹನ್ನೆರಡು ಮಂದಿ ಆಯಗಾರರಲ್ಲಿ ತಳವಾರನೂ ಒಬ್ಬನಾಗಿದ್ದ. ಸುಗ್ಗಿಯಲ್ಲಿ ಪ್ರತಿಯೊಂದು ಕಣದಿಂದಲೂ ಅವನಿಗೆ ಧಾನ್ಯದ ಪಾಲು ಸಲ್ಲುತ್ತಿತ್ತು. ಎಂದರೆ, ಕಾವಲು ಎಲ್ಲರ ಅನ್ನದಲ್ಲಿ ಸೇರಿತ್ತು. ತುರುಗಳನ್ನು ಕದ್ದೊಯ್ದವರನ್ನು ಅಟ್ಟಿ ಸತ್ತವರ ವೀರಗಲ್ಲುಗಳನ್ನು ನಾಡಿನ ಉದ್ದಗಲಕ್ಕೂ ಇಂದಿಗೂ ಕಾಣುತ್ತೇವೆ. ಯಾಜ್ಞವಲ್ಕ್ಯನ ವಿಧಿ ಈಗ ಜಾರಿಯಲ್ಲಿದ್ದಿದ್ದರೆ ಆಕೆಯ ಸರದಲ್ಲಿ ಒಂದೆರಡು ಅವಲಕ್ಕಿಯ ಬೆಲೆಯಾದರೂ ನನ್ನ ಪಾಲಿಗೆ ಬರುತ್ತಿತ್ತು. ಆ ರಾತ್ರಿಯ ಲೆಕ್ಕ ಹಿಡಿದರೆ ಇನ್ನೂ ಹೆಚ್ಚು.

ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆಯಂತೆ ನಮ್ಮ ಬೀದಿಯವರೂ ಸಭೆ ಸೇರಿದರು. ಹದಿನೆಂಟು ಮನೆಗಳ ಯಜಮಾನರು ಒಟ್ಟಿಗೆ ಕುಳಿತದ್ದು ಅದೇ ಮೊದಲು; ಕೆಲವರ ಹೆಸರುಗಳನ್ನು ನಾನು ಆ ದಿನ ಕೇಳಿ ತಿಳಿದೆ. ನೆರೆ ಎಂದರೆ ಕೂಡುವುದು. ಹೊರೆ ಎಂಬ ಮಾತಿಗೆ ಭಾರವೆಂಬ ಅರ್ಥವೂ ಇದೆ. ನಾವು ಅಷ್ಟು ವರ್ಷವೂ ನೆರೆಯನ್ನು ಬಿಟ್ಟು ಹೊರೆಯನ್ನು ಮಾತ್ರ ಇಟ್ಟುಕೊಂಡಿದ್ದೆವೆಂದು ತೋರುತ್ತದೆ. ಗಸ್ತು ತಿರುಗುವುದೆಂದು ತೀರ್ಮಾನವಾಯಿತು. ಆರು ಮಂದಿ ತರುಣರಿಗೆ ಸೀಟಿ, ಟಾರ್ಚು, ದೊಣ್ಣೆ; ಎಲ್ಲರ ಕೈಯಲ್ಲಿಯೂ ಇರುವ ಫೋನಿನಲ್ಲಿ ವಾಟ್ಸಾಪ್ ಗುಂಪು. ನಾನು ಉತ್ಸಾಹದಿಂದಲೇ ಚಂದಾ ಕೊಟ್ಟೆ.

ಗುಂಪಿನಲ್ಲಿ ಚಿತ್ರಗಳು ಬರತೊಡಗಿದವು. ಹಳೆಯ ಪಾತ್ರೆ ಕೊಳ್ಳುವವನು, ಕತ್ತರಿ ಸಾಣೆ ಹಿಡಿಯುವವನು, ದಾರಿ ತಪ್ಪಿ ಬಂದ ಕೂಲಿಯಾಳು: ಎಲ್ಲರಿಗೂ ಒಂದೇ ಶೀರ್ಷಿಕೆ, "ಅನುಮಾನಾಸ್ಪದ ವ್ಯಕ್ತಿ". ಮೂಲೆಮನೆಯ ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದ ನರ್ಸ್ ಹುಡುಗಿಯೊಬ್ಬಳು ಪಾಳಿ ಮುಗಿಸಿ ರಾತ್ರಿ ಎಷ್ಟು ಗಂಟೆಗೆ ಬರುತ್ತಾಳೆ, ಯಾರು ಬಿಟ್ಟು ಹೋಗುತ್ತಾರೆ ಎಂಬುದೂ ಅಲ್ಲಿ ದಾಖಲಾಯಿತು. ಆಕೆ ಒಂದು ದಿನ ನನ್ನನ್ನು ನಿಲ್ಲಿಸಿ, "ಸಾರ್, ನೀವೆಲ್ಲ ಕಾಯುತ್ತಿರುವುದು ಕಳ್ಳರನ್ನೋ, ನನ್ನನ್ನೋ?" ಎಂದು ಕೇಳಿದಳು. ಕಾಯುವುದೆಂಬ ಒಂದೇ ಧಾತುವಿಗೆ ಎಷ್ಟು ಮುಖಗಳಿವೆಯೆಂದು ನಿಘಂಟು ನೋಡದೆ ತಿಳಿದದ್ದು ಆಗ. ನೆರೆಯವರ ಕಣ್ಣಿನಿಂದ ತಪ್ಪಿಸಿಕೊಳ್ಳಲೆಂದೇ ಎಷ್ಟೋ ಜನ ಹಳ್ಳಿಯನ್ನು ಬಿಟ್ಟು ಪಟ್ಟಣಕ್ಕೆ ಬಂದಿದ್ದಾರೆ. ಅವರ ಮಾತಿನಲ್ಲಿ ಸತ್ಯವಿಲ್ಲವೆಂದು ನಾನು ಹೇಳಲಾರೆ.

೨೦೨೩ರ ಜನವರಿಯಲ್ಲಿ, ಬೆಳಗಿನ ಜಾವ ನಾಲ್ಕು ಗಂಟೆಗೆ ಸೀಟಿಗಳು ಒಮ್ಮೆಗೇ ಕೂಗಿದವು. ಈ ಬಾರಿ ಎದ್ದು ಹೊರಗೆ ಬಂದೆ. ದೀಪದ ಕಂಬದ ಕೆಳಗೆ ಮುಂಡಾಸು ಸುತ್ತಿ ಹಳೆಯ ಕೋಟು ತೊಟ್ಟ ವೃದ್ಧನೊಬ್ಬನನ್ನು ತರುಣರು ಸುತ್ತುಗಟ್ಟಿದ್ದರು. ಅವನ ಜೋಳಿಗೆಯನ್ನು ನೆಲಕ್ಕೆ ಸುರಿದಿದ್ದರು: ಒಂದಿಷ್ಟು ಅಕ್ಕಿ, ಯಾರೋ ಕೊಟ್ಟ ಸೀರೆ, ಆಧಾರ್ ಚೀಟಿ, ಒಂದು ಬುಡುಬುಡಿಕೆ. ಮಬ್ಬಿನಲ್ಲಿ ಶಕುನ ನುಡಿದು, ಹೊತ್ತೇರಿದ ಮೇಲೆ ಬಂದು ಕಾಳು ಬಟ್ಟೆ ಬೇಡುವುದು ಬುಡುಬುಡಿಕೆಯವರ ಕುಲಕಸುಬು. ಕತ್ತಲೆಯಲ್ಲಿ ಬಂದರೇ ಅದಕ್ಕೆ ಬೆಲೆ. ಇದು ನನಗೆ ಗೊತ್ತಿತ್ತು. ಜಾನಪದದ ಪಾಠದಲ್ಲಿ ಹೇಳಿಯೂ ಇದ್ದೆ. ಅಷ್ಟರಲ್ಲಿ ಅವನಿಗೆ ಎರಡು ಏಟು ಬಿದ್ದಿದ್ದವು. ನಾನು ಗೇಟಿನ ಒಳಗಿನಿಂದಲೇ "ಬಿಡ್ರಪ್ಪಾ, ಬಿಡಿ" ಎಂದೆ. ಅದು ಯಾರಿಗೂ ಕೇಳಿಸಲಿಲ್ಲ.

ಕೇಳಿಸಿದ್ದು ನೆರೆಮನೆಯಾಕೆಯ ಧ್ವನಿ. ಆಕೆ ಸೆರಗು ಹೊದ್ದುಕೊಂಡು ಬೀದಿಯ ನಡುವಿಗೆ ಬಂದು ನಿಂತರು. "ಕಳಕೊಂಡವಳು ನಾನು. ಇವರನ್ನು ಹೊಡೆಯೋದಕ್ಕೆ ನೀವು ಯಾರು? ವರ್ಷಾ ವರ್ಷ ಸಂಕ್ರಾಂತಿ ಮುಂಚೆ ನಮ್ಮ ಬಾಗಿಲಿಗೆ ಬರೋ ಅಜ್ಜ ಇವರು" ಎಂದರು. ಬಗ್ಗಿ ಅಕ್ಕಿಯನ್ನು ಬಾಚಿ ಜೋಳಿಗೆಗೆ ತುಂಬತೊಡಗಿದರು. ದೊಣ್ಣೆ ಹಿಡಿದಿದ್ದ ಹುಡುಗರಲ್ಲಿ ಇಬ್ಬರು ಕುಳಿತು ಕೈಜೋಡಿಸಿದರು.

ಇದು ಎರಡು ಏಟಿಗೆ ನಿಂತದ್ದು ನಮ್ಮ ಬೀದಿಯ ಪುಣ್ಯ. ೨೦೧೮ರ ಮೇ ತಿಂಗಳಿನಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಅದೇ ವರ್ಷದ ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರೆಂಬ ವದಂತಿಯನ್ನು ಫೋನಿನಲ್ಲಿ ಓದಿ ನಂಬಿದ ಜನ ಹೊರಗಿನಿಂದ ಬಂದ ನಿರಪರಾಧಿಗಳನ್ನು ಬಡಿದು ಕೊಂದರು. ಇನ್ನೂ ಹಿಂದಕ್ಕೆ ಹೋದರೆ, ೧೮೭೧ರಲ್ಲಿ ಬ್ರಿಟಿಷರು ಮಾಡಿದ ಕಾಯಿದೆಯೊಂದು ಇಡೀ ಸಮುದಾಯಗಳನ್ನೇ ಹುಟ್ಟುಗಳ್ಳರೆಂದು ಪಟ್ಟಿ ಮಾಡಿತು. ೧೯೫೨ರಲ್ಲಿ ಅದು ರದ್ದಾಯಿತು. ರದ್ದಾದದ್ದು ಕಾಗದದ ಮೇಲಿನ ಪಟ್ಟಿ. ನಮ್ಮ ತರುಣರ ಫೋನಿನಲ್ಲಿದ್ದ ಚಿತ್ರಗಳನ್ನು ಆಮೇಲೆ ಒಂದೊಂದಾಗಿ ನೋಡಿದೆ. ಅವರಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟವನು ಒಬ್ಬನೂ ಇರಲಿಲ್ಲ.

ಕಾನೂನಿನ ಮಾತನ್ನೂ ಹೇಳಿಬಿಡುತ್ತೇನೆ. ಕಣ್ಣೆದುರಿಗೆ ಕನ್ನ ಹಾಕುತ್ತಿರುವವನನ್ನು ಸಾಮಾನ್ಯ ನಾಗರಿಕನೂ ಹಿಡಿಯಬಹುದು. ೨೦೨೪ರ ಜುಲೈ ಒಂದರಿಂದ ಜಾರಿಗೆ ಬಂದಿರುವ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ, ಹಾಗೆ ಹಿಡಿದವನನ್ನು ತಡಮಾಡದೆ, ಹೆಚ್ಚೆಂದರೆ ಆರು ಗಂಟೆಯೊಳಗೆ, ಪೊಲೀಸರಿಗೆ ಒಪ್ಪಿಸಬೇಕು. ಅನುಮಾನದ ಮೇಲೆ ಹಿಡಿಯುವ ಅಧಿಕಾರ ನಮಗಿಲ್ಲ. ಹೊಡೆಯುವ ಅಧಿಕಾರ ಯಾರಿಗೂ ಇಲ್ಲ. ಸಂದೇಹವಾದರೆ ೧೧೨ಕ್ಕೆ ಕರೆ ಮಾಡಿ, ಮನೆಯ ದೀಪಗಳನ್ನೆಲ್ಲ ಹಾಕಿ, ನಾಲ್ಕು ಮನೆಯವರನ್ನು ಎಬ್ಬಿಸಿದರೆ ಸಾಕು. ಕದಿಯಲು ಬಂದವನಿಗೆ ಬೆಳಕಿಗಿಂತ ಬೇರೆ ದೊಣ್ಣೆ ಬೇಕಿಲ್ಲ.

ಗಸ್ತು ಅಲ್ಲಿಗೆ ನಿಂತಿತು. ಉಳಿದುಕೊಂಡದ್ದು ಬಹಳ ಸಣ್ಣ ಸಂಗತಿಗಳು. ಯಾರಾದರೂ ಊರಿಗೆ ಹೊರಟರೆ ಪಕ್ಕದ ಮನೆಗೂ ಠಾಣೆಗೂ ತಿಳಿಸುತ್ತಾರೆ. ಬೀಗ ಹಾಕಿದ ಮನೆಗಳ ಕಡೆ ಬೀಟಿನ ಪೊಲೀಸಿನವರು ಒಮ್ಮೆ ಕಣ್ಣು ಹಾಯಿಸುತ್ತಾರೆ. ಪತ್ರಿಕೆ, ಹಾಲನ್ನು ಪಕ್ಕದವರು ತೆಗೆದಿರಿಸುತ್ತಾರೆ. ಸಂಜೆ ದೀಪ ಹಾಕಿ ಬೆಳಗ್ಗೆ ಆರಿಸುವುದು ಎದುರುಮನೆಯ ಕೆಲಸ. ನರ್ಸ್ ಹುಡುಗಿಯ ಸೂಚನೆಯಂತೆ, ಗುಂಪಿನಲ್ಲಿ ಮನುಷ್ಯರ ಚಿತ್ರ ಹಾಕುವುದು ನಿಷಿದ್ಧ. ಕೆಟ್ಟ ಬೀದಿದೀಪದ ಚಿತ್ರ ಹಾಕಬಹುದು. ಕ್ಯಾಮೆರಾವನ್ನೂ ಕೆಲವರು ಇರಿಸಿದ್ದಾರೆ. ನಾನು ಅದನ್ನು ಹಳಿಯುವವನಲ್ಲ. ಆದರೆ ಅದು ನಡೆದದ್ದನ್ನು ನೋಡಿಕೊಂಡು ಸುಮ್ಮನಿರುವ ಯಂತ್ರ. ಆ ಕೆಲಸವನ್ನು ನಾನೇ ಒಂದು ರಾತ್ರಿ ಮಾಡಿದ್ದೇನೆ.

ಮೊನ್ನೆ ನಾವು ಮಗಳ ಮನೆಗೆ ಹೋಗಿ ವಾರ ಕಳೆದು ಹಿಂತಿರುಗಿದಾಗ ನಮ್ಮ ಅಂಗಳದಲ್ಲಿ ಆ ದಿನದ ರಂಗೋಲಿ ಇತ್ತು. ನೆರೆಮನೆಯಾಕೆ ಏಳು ದಿನವೂ ಎರಡು ಮನೆಯ ಮುಂದೆ ಬರೆದಿದ್ದರು. ಬೀಗದ ಕೈಯನ್ನು ಹಿಂತಿರುಗಿಸಲು ಬಂದಾಗ ಆಕೆಯನ್ನು ಕೂರಿಸಿ, ಅಂದಿನ ಮೂರು ಸದ್ದುಗಳ ವಿಷಯವನ್ನು ಹೇಳಿದೆ. ಆಕೆಗೆ ತಿಳಿಸದೆ ಈ ಮಾತನ್ನು ಇಲ್ಲಿ ಆಡುವುದು ನ್ಯಾಯವಾಗುತ್ತಿರಲಿಲ್ಲ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಗೊತ್ತಿತ್ತು ಮೇಷ್ಟ್ರೇ. ಅವತ್ತು ನೀವು ನನ್ನ ಮುಖ ನೋಡಿ ಹೇಳಲಿಲ್ಲ" ಎಂದರು. ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಹೋದರು.

ಸರ ಸಿಗಲಿಲ್ಲ. ಈಗಲೂ ನನಗೆ ಬೆಳಗಿನ ಜಾವ ನಾಲ್ಕಕ್ಕೆ ಎಚ್ಚರವಾಗುತ್ತದೆ. ಸಣ್ಣ ಸದ್ದಾದರೂ ಎದ್ದು ದೀಪ ಹಾಕಿ ಕಿಟಕಿಯ ಬಳಿ ನಿಲ್ಲುತ್ತೇನೆ. ಸಂಕ್ರಾಂತಿ ಹತ್ತಿರವಾದಾಗ ಬುಡುಬುಡಿಕೆಯ ದನಿಗಾಗಿ ಕಿವಿಗೊಟ್ಟಿರುತ್ತೇನೆ. ಆ ಅಜ್ಜ ಮತ್ತೆ ನಮ್ಮ ಬೀದಿಗೆ ಬಂದಿಲ್ಲ.