ಊರು ಬಿಡಿಸಿದ ಕಾಗದದಲ್ಲಿ ಉಳಿದ ಹೆಸರು

ಇಂಗ್ಲೆಂಡಿನ ಹಳ್ಳಿಯಲ್ಲಿ ಯಾರಾದ್ರೂ ತಮ್ಮ ಮುತ್ತಜ್ಜನ ಅಜ್ಜನನ್ನು ಹುಡುಕೋಕೆ ಹೊರಟರೆ ಮೊದಲು ಕೇಳೋದು ಪ್ಯಾರಿಷ್ ರಿಜಿಸ್ಟರ್. ಪ್ಯಾರಿಷ್ ಅಂದ್ರೆ ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಊರು. ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರ ಎಲ್ಲವನ್ನೂ ಬರೆದಿಡಬೇಕು ಅಂತ 1538ರಲ್ಲಿ ಥಾಮಸ್ ಕ್ರಾಮ್‌ವೆಲ್ ಆಜ್ಞೆ ಹೊರಡಿಸಿದ. ಸರ್ಕಾರದ ಜನನ-ಮರಣ ನೋಂದಣಿ ಶುರುವಾಗಿದ್ದು 1837ರಲ್ಲಿ. ನಡುವಿನ ಸುಮಾರು 300 ವರ್ಷಕ್ಕೆ ಈ ಪುಸ್ತಕಗಳೇ ಆಧಾರ.

ಆದರೆ ಅದರಲ್ಲಿ ಸಿಗೋದು ಹೆಚ್ಚಾಗಿ ಒಂದೇ ಸಾಲು. ಮಗುವಿನ ಹೆಸರು, ಅಪ್ಪನ ಹೆಸರು, ತಾರೀಖು. ಎಷ್ಟೋ ಕಡೆ ತಾಯಿಯ ಹೆಸರೇ ಇರಲ್ಲ.

ಹಾಗಾದ್ರೆ ಬಡ ಕೂಲಿಯವರ ಕಥೆ ಎಲ್ಲಿದೆ? ನನ್ನನ್ನು ತುಂಬಾ ಕಾಡಿದ್ದು ಈ ಪ್ರಶ್ನೆ. ಉತ್ತರ ಇರೋದು ಖರ್ಚಿನ ಜಗಳದಲ್ಲಿ. ಆಗ ಬಡವರನ್ನು ಸಾಕೋ ಹೊಣೆ ಆಯಾ ಪ್ಯಾರಿಷ್‌ನದು. ಹೊರಗಿನಿಂದ ಬಂದವರು ತಮಗೆ ಹೊರೆಯಾಗ್ತಾರೆ ಅನ್ನಿಸಿದ್ರೆ 1662ರ ಕಾಯ್ದೆಯಡಿ ಅವರನ್ನು ಸ್ವಂತ ಪ್ಯಾರಿಷ್‌ಗೆ ವಾಪಸ್ ಕಳಿಸಬಹುದಿತ್ತು. ಯಾವುದು ಸ್ವಂತ ಅಂತ ತಿಳಿಯೋಕೆ ವಿಚಾರಣೆ: ಎಲ್ಲಿ ಹುಟ್ಟಿದೆ, ಯಾರ ಹತ್ರ ಕೆಲಸಕ್ಕಿದ್ದೆ, ಯಾರನ್ನು ಮದುವೆಯಾದೆ? ಹೆಂಡತಿಗೆ ಗಂಡನ ಪ್ಯಾರಿಷ್ಷೇ ಸ್ವಂತ. ಗಂಡ ತೀರಿಕೊಂಡ ಮೇಲೆ, ತಾನು ಕಂಡೇ ಇರದ ಊರಿಗೆ ಮಕ್ಕಳ ಜೊತೆ ಹೋಗಬೇಕಾದ ವಿಧವೆಯರಿದ್ದರು.

ಓದು ಬರಹ ಬಾರದವರು ಹೇಳಿದ ಬದುಕಿನ ವಿವರ ಇವತ್ತು ಸಿಗೋದು ಆ ವಿಚಾರಣೆಯ ಕಾಗದಗಳಲ್ಲೇ. ಉಳಿದಿರೋ ಕಾಗದಗಳು ಹೆಚ್ಚಾಗಿ ಕೌಂಟಿ ದಾಖಲೆ ಕಚೇರಿಗಳಲ್ಲಿವೆ. ರಿಜಿಸ್ಟರ್‌ನಲ್ಲಿ ದಾರಿ ನಿಂತುಹೋದ್ರೆ ಅಲ್ಲಿ ಕೇಳಿ ನೋಡಬೇಕು.