ಮಗುವಿನ ಹೆಸರು ಊರ ಬಾಯಿಗೆ ಬೀಳದಿರಲಿ
(ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ರೈತರನ್ನು ಕುರಿತ ಭಾಷಣ)



ಅಡಿಕೆ ಮಂಡಿಯಲ್ಲಾಗಲಿ, ಸಂತೆಯಲ್ಲಾಗಲಿ, ಒಂದು ಮಗುವಿಗೆ ಕೇಡಾಯಿತೆಂಬ ಸುದ್ದಿ ಬಂದರೆ ನಾವು ಮೊದಲು ಕೇಳುವುದು “ಯಾರ ಮಗಳು?” ಎಂದು. ಕೇಡು ಮಾಡಿದವನು ಯಾರೆಂಬುದು ಆಮೇಲಿನ ಮಾತು. ಆ ಮೊದಲ ಪ್ರಶ್ನೆಗೆ ಉತ್ತರ ಕೊಡಬೇಡಿರೆಂದೇ ಕಾನೂನು ಹೇಳುತ್ತದೆ.

2012ರ ಪೋಕ್ಸೊ ಕಾಯಿದೆಯ ಪ್ರಕಾರ ಲೈಂಗಿಕ ಅಪರಾಧಕ್ಕೆ ತುತ್ತಾದ ಮಗುವಿನ ಹೆಸರು, ವಿಳಾಸ, ಭಾವಚಿತ್ರ, ಮನೆತನ, ಶಾಲೆ, ನೆರೆಹೊರೆ ಯಾವುದನ್ನೂ ಪತ್ರಿಕೆಗಳು ಹೊರಗೆಡಹಕೂಡದು. ವಿಚಾರಣೆಯೂ ಮುಚ್ಚಿದ ಬಾಗಿಲೊಳಗೆ, ತಂದೆತಾಯಿಯ ಅಥವಾ ಮಗು ನಂಬಿದವರ ಸಮ್ಮುಖದಲ್ಲಿ ನಡೆಯತಕ್ಕದ್ದು. 2018ರಲ್ಲಿ ಜಮ್ಮುವಿನ ಕಠುವಾದಲ್ಲಿ ಎಂಟು ವರ್ಷದ ಹುಡುಗಿಯ ಕೊಲೆಯಾದಾಗ ದೇಶದ ದೊಡ್ಡ ಪತ್ರಿಕೆ, ಟಿ.ವಿ.ಗಳೇ ಅವಳ ಹೆಸರನ್ನು ಸಾರಿದವು. ದೆಹಲಿ ಹೈಕೋರ್ಟು 12 ಸಂಸ್ಥೆಗಳಿಗೆ ತಲಾ 10 ಲಕ್ಷ ರೂಪಾಯಿ ಕಟ್ಟುವಂತೆ ಹೇಳಿತು. ಅದೇ ವರ್ಷದ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು, ಸತ್ತವಳ ಹೆಸರನ್ನೂ ಬರೆಯುವಂತಿಲ್ಲ, ಮನೆಯವರ ಒಪ್ಪಿಗೆಯೊಂದೇ ಸಾಲದೆಂದು ತೀರ್ಪಿತ್ತಿತು.

ಹೆಸರು ಬಿಟ್ಟು ಊರು ಬರೆದೆನೆಂದು ವರದಿಗಾರ ಸಮಾಧಾನಪಡುವಂತಿಲ್ಲ. ಬೆಂಗಳೂರಿನಲ್ಲಿ “ಹತ್ತನೆಯ ತರಗತಿಯ ಬಾಲಕಿ” ಎಂದರೆ ಯಾರಿಗೂ ತಿಳಿಯದು; ನೂರು ಮನೆಯ ಹಳ್ಳಿಯಲ್ಲಿ “ಕೆರೆ ಏರಿ ಪಕ್ಕದ ಮನೆ” ಎಂದರೆ ಮುಗಿಯಿತು. ಹುಡುಗಿಯ ಶಾಲೆ ನಿಲ್ಲುತ್ತದೆ. ಈ ಅಂಜಿಕೆಯಿಂದಲೇ ಎಷ್ಟೋ ಮನೆಯವರು ಠಾಣೆಯ ಮೆಟ್ಟಿಲು ಹತ್ತುವುದಿಲ್ಲ. ಲಾಭ ಯಾರಿಗೆ? ಕೇಡಿಗನಿಗೆ!

ತಪ್ಪು ಮಾಡಿದವನೂ ಹದಿನೆಂಟು ತುಂಬದ ಹುಡುಗನಾಗಿದ್ದರೆ ಪ್ರಕರಣ ಬಾಲ ನ್ಯಾಯ ಮಂಡಳಿಗೆ ಹೋಗುತ್ತದೆ. ಅಲ್ಲಿ ಒಬ್ಬ ಮ್ಯಾಜಿಸ್ಟ್ರೇಟರು, ಇಬ್ಬರು ಸಮಾಜಸೇವಕರು. ಆ ಇಬ್ಬರಲ್ಲಿ ಒಬ್ಬರಾದರೂ ಹೆಂಗಸು. ಅವನ ಗುರುತನ್ನೂ 2015ರ ಕಾಯಿದೆ ಕಾಯುತ್ತದೆ. ಇದು ಕೆಲವರಿಗೆ ಹಿಡಿಸದು. ಆದರೆ ತಿದ್ದಿಕೊಳ್ಳುವ ವಯಸ್ಸಿನವನ ಹಣೆಗೆ ಬರೆ ಎಳೆದರೆ ಅವನು ತಿದ್ದಿಕೊಳ್ಳುವುದೆಂತು? ಗುರುತು ಹೊರಗೆಡಹಿದವರಿಗೆ ಆರು ತಿಂಗಳವರೆಗೆ ಸೆರೆ, ಇಲ್ಲವೆ ಎರಡು ಲಕ್ಷದವರೆಗೆ ದಂಡ, ಇಲ್ಲವೆ ಎರಡೂ. ಪತ್ರಿಕೆಯಷ್ಟೇ ಅಲ್ಲ, ಯಾವ ಸಂಪರ್ಕ ಸಾಧನದಲ್ಲಿ ಹರಡಿದರೂ ಅಪರಾಧವೇ. ನಿಮ್ಮ ವಾಟ್ಸಾಪು ಹೊರತಲ್ಲ.

“ಬಾಗಿಲು ಮುಚ್ಚಿ ಪ್ರಕರಣವನ್ನೇ ಮುಚ್ಚಿಬಿಟ್ಟರೆ?” ಎಂದು ಕೇಳುವಿರಿ. ನ್ಯಾಯವಾದ ಪ್ರಶ್ನೆ. ಪತ್ರಿಕೆಯವರು ಪೊಲೀಸರ ವಿಳಂಬವನ್ನೂ ಕೋರ್ಟಿನ ತೀರ್ಪನ್ನೂ ಗುರುತು ಬಿಡದಂತೆ ಬರೆಯಬಹುದು, ಬರೆಯಲೇಬೇಕು. ಹೆಸರು ಮುಚ್ಚುವುದು ಬೇರೆ, ಕೃತ್ಯ ಮುಚ್ಚುವುದು ಬೇರೆ. ಅರಳಿಕಟ್ಟೆಯಲ್ಲಿ ರಾಜಿ ಮಾಡಿ ಮುಗಿಸುವಂತಿಲ್ಲ. ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಮಕ್ಕಳ ಸಹಾಯವಾಣಿ 1098ಕ್ಕೂ ಫೋನು ಮಾಡಬಹುದು. ಮಗುವಿನ ಹೇಳಿಕೆಯನ್ನು ಮನೆಯಲ್ಲೋ, ಮಗು ಬಯಸಿದ ಕಡೆಯಲ್ಲೋ ಬರೆದುಕೊಳ್ಳಬೇಕು. ಬರುವ ಅಧಿಕಾರಿ ಸಮವಸ್ತ್ರದಲ್ಲಿ ಇರಕೂಡದು. ಇದನ್ನು ಠಾಣೆಯಲ್ಲಿ ಧೈರ್ಯವಾಗಿ ಕೇಳಿರಿ.